ಸದ್ದಿಲ್ಲದ ಆಂಪ್ಲಿಫೈಯರ್

ಸ್ಪೀಕರಿಗೆ ಆಂಪ್ಲಿಫೈಯರ್ ಹೊಂದಿಸುವುದೆಂದರೆ ಗಂಡಿಗೆ ಹೆಣ್ಣು ಹುಡುಕಿದ ಹಾಗೆ ಎಂದು ಹಲ್ಲು ಕಿರಿಯುವ ಮಾರಾಟಗಾರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೇನೂ ಇಲ್ಲ. ಸ್ಪೀಕರು ಎಷ್ಟು ವಿದ್ಯುತ್ತು ಎಳೆಯುತ್ತದೆ, ಆಂಪ್ಲಿಫೈಯರು ಅಷ್ಟನ್ನು ಸುಸ್ತಾಗದೆ ಕೊಡುತ್ತದೋ ಇಲ್ಲವೋ, ಇಷ್ಟೇ ವಿಷಯ. ಉಳಿದದ್ದೆಲ್ಲ ಬೊಗಳೆ. ಇಪ್ಪತ್ತೆಂಟು ವರ್ಷದಿಂದ ಇದೇ ಅಂಗಡಿಯಲ್ಲಿ ಕೂತು ನಾನೂ ಆ ಬೊಗಳೆಯನ್ನು ಬೇಕಾದಷ್ಟು ಬಿಟ್ಟಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಭಾವನಿಗೆ ಮಾತ್ರ ಬಿಡಲಿಲ್ಲ. ಅವರಿಗೆ ಪ್ರಾಮಾಣಿಕವಾಗಿ, ಕಸುಬಿನಲ್ಲಿ ನನಗೆ ಗೊತ್ತಿದ್ದದ್ದನ್ನೆಲ್ಲ ಸುರಿದು, ಒಂದು ಆಂಪ್ಲಿಫೈಯರ್ ಆರಿಸಿಕೊಟ್ಟೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಜನರ ಮೂಗಿನ ಮೇಲೆ ದಿನವಿಡೀ ಗಾಜು ಬದಲಿಸುತ್ತಾ "ಮೊದಲನೇದು ಸ್ಪಷ್ಟವಾ, ಎರಡನೇದಾ? ಇನ್ನೊಂದ್ಸಲ ನೋಡಿ, ಮೊದಲನೇದಾ?" ಎಂದು ಕೇಳುವುದು ಅವರ ಕೆಲಸ. ಹೊರಗೂ ಅದೇ ಚಾಳಿ. ಸೋಪು ಕೊಳ್ಳಲು ಹೋದರೂ ಒಂದನ್ನು ಮೂಸಿ, ಇನ್ನೊಂದನ್ನು ಮೂಸಿ, ತಿರುಗಿ ಮೊದಲನೆಯದನ್ನೇ ಮೂಸಿ ಅಂಗಡಿಯವನ ಜೀವ ತಿನ್ನುವವರು. "ನನ್ನನ್ನ ಮಾತ್ರ ಒಂದೇ ಸಲ ನೋಡಿ ಹೇಗೆ ಒಪ್ಕೊಂಡ್ರೋ, ದೇವರಿಗೇ ಗೊತ್ತು. ಆವತ್ತು ಅಂಗಡಿ ರಜ ಇತ್ತೇನೋ," ಎಂದು ಅಕ್ಕ ಹೇಳುತ್ತಿದ್ದಳು.

ಈಗ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ಮಾತು ಹೋಯಿತು. ಕತ್ತಿನ ಬುಡದಲ್ಲಿ ಒಂದು ರಂಧ್ರ ಮಾಡಿದ್ದಾರೆ, ಅಲ್ಲಿಂದಲೇ ಅವಳ ಉಸಿರಾಟ. ಮೂಗು ಈಗ ಬರೀ ಕನ್ನಡಕ ಕೂರಿಸೋಕೆ, ಅದೂ ಮನೆ ವ್ಯಾಪಾರಕ್ಕೆ ಅನುಕೂಲ ಅಂತ ಅವಳೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿ ನಗುತ್ತಾಳೆ. ನಗುವಿಗೂ ಸದ್ದಿಲ್ಲ. ಭುಜ ಅಲ್ಲಾಡುತ್ತದೆ, ಅಷ್ಟೇ.

ಇದೇ ಅಕ್ಕ ಹತ್ತೊಂಬತ್ತು ವರ್ಷ ಅಂಧರ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿದವಳು. ವಾರಕ್ಕೆ ಮೂರು ಮಧ್ಯಾಹ್ನ ಒಂದು ಸಣ್ಣ ಸ್ಟುಡಿಯೋದಲ್ಲಿ ಕೂತು, ಕೊಟ್ಟದ್ದನ್ನೆಲ್ಲ ಓದುತ್ತಿದ್ದಳು. ಕಾದಂಬರಿ, ಪ್ರವಾಸ ಕಥನ, ಬಾಡಿಗೆದಾರರ ಕಾನೂನು, ಜೇನು ಸಾಕುವ ವಿಧಾನ. ಅವಳ ಬಾಯಲ್ಲಿ ಬಾಡಿಗೆದಾರರ ಕಾನೂನು ಕೇಳಿಯೂ ಕಣ್ಣೊರೆಸಿಕೊಂಡವರನ್ನು ನಾನು ನೋಡಿದ್ದೇನೆ. ಆಪರೇಷನ್ ಆದ ಮೇಲೆ ಗ್ರಂಥಾಲಯದವರು ಅವಳು ಓದಿದ ಅಷ್ಟೂ ಪುಸ್ತಕಗಳ ಧ್ವನಿಯನ್ನು ಒಂದು ಪುಟ್ಟ ಹಾರ್ಡ್‌ಡಿಸ್ಕಿನಲ್ಲಿ ಹಾಕಿ, ಪ್ರೀತಿಯಿಂದ ಮನೆಗೆ ತಂದುಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು ಪಾಪ. ಭಾವನ ಹುಚ್ಚು ಶುರುವಾದದ್ದು ಅಲ್ಲಿಂದ.

ಅಂಗಡಿ ಮುಚ್ಚಿ ಬಂದವರು ಕೈಕಾಲು ತೊಳೆದು ಸೀದಾ ಸ್ಪೀಕರುಗಳ ಮುಂದೆ ಕೂರುತ್ತಿದ್ದರು. ಎದೆಯೆತ್ತರದ ಜೋಡಿ ಸ್ಪೀಕರುಗಳು, ಬಹಳ ಹಿಂದೆ ನಾನೇ ಕೊಡಿಸಿದ್ದು, ಒಳ್ಳೆಯ ಮಾಲು. ಅದರಲ್ಲಿ ಜೇನು ಸಾಕುವ ಪುಸ್ತಕದ ನಾಲ್ಕನೇ ಅಧ್ಯಾಯ ಹಾಕುತ್ತಿದ್ದರು. ಭಾವನಿಗೂ ಜೇನಿಗೂ ಏನು ಸಂಬಂಧ, ಮಣ್ಣು? ಆ ಅಧ್ಯಾಯದ ನಡುವೆ ಅಕ್ಕ ಒಂದು ಸಾಲನ್ನು ತಪ್ಪು ಓದಿ, ಫಕ್ಕನೆ ನಕ್ಕು, "ಅಯ್ಯೋ, ತಡೀರಪ್ಪಾ, ಇನ್ನೊಂದ್ಸಲ ಓದ್ತೀನಿ," ಎನ್ನುತ್ತಾಳೆ. ಸ್ಟುಡಿಯೋದವನು ಅದನ್ನು ಕತ್ತರಿಸಲು ಮರೆತಿದ್ದ. ಎಲ್ಲ ಸೇರಿ ಆರು ಸೆಕೆಂಡು. ಆ ಹತ್ತೊಂಬತ್ತು ವರ್ಷದ ಓದಿನಲ್ಲಿ ಅವಳು ಅವಳಾಗಿ ಮಾತಾಡಿದ್ದು ಅಷ್ಟೇ.

"ಇದು ಅವಳಲ್ಲ ಕಣೋ," ಎಂದು ಭಾವ ನನಗೆ ಫೋನು ಮಾಡುತ್ತಿದ್ದರು. "ಅವಳ ಥರ ಇದೆ. ಅವಳಲ್ಲ. ಮಧ್ಯ ಒಂದು ಪರದೆ ಇದ್ದ ಹಾಗಿದೆ. ಆಂಪ್ಲಿಫೈಯರ್ ಹಳೇದಾಯ್ತಲ್ವಾ? ಬದಲಾಯಿಸಿದ್ರೆ ಸರಿಹೋಗತ್ತಾ?"

ಭಾವ ಕೆಟ್ಟ ಗಂಡನಲ್ಲ, ಇದನ್ನು ಹೇಳಲೇಬೇಕು. ಬೆಳಿಗ್ಗೆ ಸಂಜೆ ಅಕ್ಕನ ಕತ್ತಿನ ಕೊಳವೆಯನ್ನು ತಾವೇ ತೊಳೆಯುತ್ತಾರೆ. ಅಡುಗೆಗೆ ಕೈ ಹಾಕುತ್ತಾರೆ. ನಿಂತದ್ದು ಮಾತು. ಅಕ್ಕ ತುಟಿ ಅಲ್ಲಾಡಿಸಿ ಏನೋ ಹೇಳಲು ಹೊರಟರೆ "ಏನು? ಬರಿ, ಬರಿ," ಎನ್ನುವರು. ಅವಳು ಬರೆದು ಮುಗಿಸುವಷ್ಟರಲ್ಲಿ ಇವರ ಗಮನ ಎಲ್ಲೋ. ತುಟಿ ನೋಡಿದರೆ ನನಗೆ ಅವಳ ಮುಕ್ಕಾಲು ಮಾತು ತಿಳಿಯುತ್ತದೆ, ಅವರಿಗೂ ತಿಳಿಯಬೇಕಿತ್ತು. ಆದರೆ ಅವರು ನೋಡುವುದಿಲ್ಲ. ಆಸ್ಪತ್ರೆಯವರು ಕೊಟ್ಟಿದ್ದ, ಕತ್ತಿಗೆ ಒತ್ತಿಹಿಡಿದು ಮಾತಾಡುವ ಯಂತ್ರವೊಂದಿತ್ತು. ಮಿಕ್ಸಿಗೆ ಬಾಯಿ ಬಂದ ಹಾಗೆ ಗುಂಯ್‌ಗುಡುತ್ತಿತ್ತು. ಅಕ್ಕ ಅದರಲ್ಲಿ ಮೊದಲ ಸಲ ಗಂಡನ ಹೆಸರು ಕರೆದಾಗ ಭಾವನ ಮುಖ ಹೇಗಾಯಿತೆಂದರೆ, ಅವಳು ಯಂತ್ರವನ್ನು ಆ ಕ್ಷಣವೇ ಕೆಳಗಿಟ್ಟಳು. ಮತ್ತೆ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಒಬ್ಬಳೇ ನನ್ನ ಅಂಗಡಿಗೆ ಬಂದಳು. ಕತ್ತಿಗೆ ತೆಳು ಬಟ್ಟೆ ಸುತ್ತಿಕೊಂಡಿದ್ದಳು. ಕುರ್ಚಿ ಎಳೆದುಕೊಂಡು, ನೋಟ್‌ಬುಕ್ಕು ತೆಗೆದು ಬರೆದಳು. ನನಗೆ ಐವತ್ತು ದಾಟಿದರೂ ಅವಳಿಗೆ ನಾನು ಪುಟ್ಟನೇ.

"ಪುಟ್ಟ, ಅವರಿಗೆ ಬೇಕಾದ್ದನ್ನ ಬೇಗ ಹುಡುಕಿ ಕೊಡು. ಅದು ಸಿಕ್ಕಿದ್ರೆ ಸಮಾಧಾನ ಆಗತ್ತೆ. ಆಮೇಲೆ ನನ್ನ ಕಡೆ ತಿರುಗ್ತಾರೆ."

ನನಗೆ ನಖಶಿಖಾಂತ ಉರಿಯಿತು. "ಆಂಪ್ಲಿಫೈಯರೂ ಇಲ್ಲ, ಸುಡುಗಾಡೂ ಇಲ್ಲ. ನಾನೇ ಬಂದು ಆ ಮನುಷ್ಯನಿಗೆ ನಾಲ್ಕು ಮಾತು ಹೇಳ್ತೀನಿ. ಕಟ್ಕೊಂಡ ಹೆಂಡ್ತಿ ಕಣ್ಣೆದುರಿಗೇ ಓಡಾಡ್ತಿದ್ರೆ, ಮರದ ಪೆಟ್ಟಿಗೆ ಮುಂದೆ ಕೂತು ಅಳೋದಾ?"

ಅವಳು ನನ್ನ ಕೈಮೇಲೆ ಪೆನ್ನಿನಿಂದ ಮೆಲ್ಲಗೆ ಹೊಡೆದು, ಮತ್ತೆ ಬರೆದಳು. "ಬಯ್ಯಬೇಡ. ಅವರಿಗೆ ಅವಳು ಬೇಕು. ತಪ್ಪೇನು? ನನಗೂ ಬೇಕು."

'ನಾನು' ಎಂದಲ್ಲ, 'ಅವಳು' ಎಂದೇ ಬರೆದಿದ್ದಳು. ನಾನು ಎರಡು ಸಲ ಓದಿ, ಹೂಂ ಎಂದೆ. ಅಕ್ಕನಿಗೆ ಗಂಡ ವಾಪಸು ಸಿಗಬೇಕು, ಅದಕ್ಕೆ ದಾರಿ ನನ್ನ ಅಂಗಡಿಯಿಂದಲೇ ಹೋಗುತ್ತದೆ ಎಂದಾದರೆ ಹೋಗಲಿ. ಹುಡುಕಾಟ ಮುಗಿದರೆ ಹುಚ್ಚು ಇಳಿಯುತ್ತದೆ ಎಂದು ನಾನೂ ನಂಬಿದೆ. ಇಷ್ಟು ವರ್ಷ ಇಂಥ ಹುಚ್ಚರ ನಡುವೆಯೇ ಬದುಕಿದವನಿಗೆ ಅಷ್ಟು ತಿಳಿಯಬೇಡವೇ? ನನ್ನ ಗಿರಾಕಿಗಳಲ್ಲಿ ಬೇಕಾದದ್ದು ಸಿಕ್ಕಿತೆಂದು ಎದ್ದುಹೋದವನು ಒಬ್ಬನೂ ಇಲ್ಲ.

ಭಾವ ಎರಡು ದಿನ ತಮ್ಮ ಅಂಗಡಿ ಮುಚ್ಚಿ ನನ್ನಲ್ಲಿಗೆ ಬಂದರು. ಒಳಗಿನ ಕೇಳುವ ಕೋಣೆಯಲ್ಲಿ ಅವರ ಸ್ಪೀಕರುಗಳ ಜೋಡಿಯನ್ನೇ ತರಿಸಿ ನಿಲ್ಲಿಸಿದ್ದೆ. ಆ ಸ್ಪೀಕರುಗಳ ಸ್ವಭಾವ ನನಗೆ ಗೊತ್ತು. ಹೊರಗೆ ಸಾಧುಗಳು, ಒಳಗೆ ಹೊಟ್ಟೆಬಾಕರು. ಕೆಲವು ಸ್ವರಗಳು ಬಂದಾಗ ಒಮ್ಮೆಲೇ ಎರಡರಷ್ಟು ವಿದ್ಯುತ್ತು ಎಳೆಯುತ್ತವೆ, ಸಣ್ಣ ಆಂಪ್ಲಿಫೈಯರುಗಳು ಏದುಸಿರು ಬಿಡುತ್ತವೆ. ಭಾವ ಪರದೆ ಅಂದದ್ದು ಸುಳ್ಳಲ್ಲ. ಅವರ ಹಳೆಯ ಆಂಪ್ಲಿಫೈಯರು ಬಳಲಿತ್ತು, ಜೊತೆಗೆ ಒಳಗಿನ ಬಿಡಿಭಾಗಗಳು ಸವೆದು ಸದಾ ಸಣ್ಣದೊಂದು ಹಿಸ್ಸೆನ್ನುವ ಸದ್ದು ಹೊರಡಿಸುತ್ತಿತ್ತು. ವರ್ಷಗಟ್ಟಲೆ ಜೊತೆಗಿದ್ದದ್ದರಿಂದ ಆ ಮನೆಯಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಮೋಸವಿದೆ. ಎರಡು ಆಂಪ್ಲಿಫೈಯರುಗಳಲ್ಲಿ ಯಾವುದನ್ನು ಮಾರಬೇಕೋ ಅದರ ಸದ್ದನ್ನು ಕೂದಲೆಳೆಯಷ್ಟು ಏರಿಸಿಟ್ಟರೆ ಸಾಕು, ಗಿರಾಕಿಗೆ ಅದೇ ಚೆನ್ನಾಗಿ ಕೇಳಿಸುತ್ತದೆ. ಅದನ್ನು ನಾನು ಮಾಡಲಿಲ್ಲ. ಪ್ರತಿಯೊಂದನ್ನೂ ಮೀಟರು ಹಿಡಿದು ಸರಿಸಮ ಮಾಡಿಟ್ಟೆ. ಭಾವ ಕಣ್ಣು ಮುಚ್ಚಿ ಕೂತರು. ನಾನು ತಂತಿ ಬದಲಿಸುತ್ತಾ ಹೋದೆ. "ಮೊದಲನೇದಾ, ಎರಡನೇದಾ?" ಎಂದು ನಾನೇ ಕೇಳಿದಾಗ ಅವರಿಗೂ ನಗು ಬಂತು.

ಮೊದಲು ವಾಲ್ವಿನದು ಹಾಕಿದೆ. ಗಾಜಿನ ಬುರುಡೆಗಳು ಕೆಂಪಗೆ ಉರಿಯುವಂಥದ್ದು, ನೋಡಿದರೇ ಅರ್ಧ ಜನ ಮರುಳಾಗುತ್ತಾರೆ. ಧ್ವನಿ ಮೃದು, ಸಿಹಿ. ಭಾವ ಬಹಳ ಹೊತ್ತು ಕೇಳಿ ತಲೆಯಾಡಿಸಿದರು. "ಚೆನ್ನಾಗಿದೆ. ಆದ್ರೆ ಇದು ನಿನ್ನ ಅಕ್ಕನ ಮದುವೆ ಫೋಟೋ ಥರ ಇದೆ. ಅಷ್ಟು ನಯ ಎಲ್ಲಿತ್ತು ಅವಳಿಗೆ? ನನ್ನ ಬಯ್ಯೋವಾಗ ಕೇಳಿಸ್ಕೋಬೇಕಿತ್ತು ನೀನು." ಇನ್ನೊಂದು ತೀರ ಚುರುಕು, ಅಕ್ಕ ವಾರ್ತೆ ಓದಿದ ಹಾಗಿತ್ತು. ಮತ್ತೊಂದರಲ್ಲಿ ಅವಳಿಗೆ ನೆಗಡಿ. ಎರಡನೆಯ ದಿನ ಮಧ್ಯಾಹ್ನ ಕೊನೆಯದನ್ನು ಹಾಕಿದೆ. ಇಬ್ಬರು ಹಿಡಿದು ಎತ್ತಬೇಕಾದ ಕಬ್ಬಿಣದಂಥ ಪೆಟ್ಟಿಗೆ, ದೀಪವಿಲ್ಲ, ಡೌಲಿಲ್ಲ. ಎಂಥ ಹೊಟ್ಟೆಬಾಕ ಸ್ಪೀಕರಿಗೂ ಬಡಿಸಿ ಇನ್ನೂ ಬೇಕಾ ಎನ್ನುವ ತಾಕತ್ತು. ಅದರ ದೊಡ್ಡಗುಣವೆಂದರೆ ಮೌನ. ಭಾವ ಸ್ಪೀಕರಿಗೆ ಕಿವಿ ಅಂಟಿಸಿ, "ಆನ್ ಮಾಡಿದ್ಯಾ?" ಎಂದರು.

"ಮಾಡಿ ಅರ್ಧ ಗಂಟೆ ಆಯ್ತು," ಎಂದೆ. ನಿಜ ಹೇಳುತ್ತೇನೆ, ಆಗ ನನಗೆ ಬಲು ಜಂಬವಾಗಿತ್ತು.

ನಾಲ್ಕನೇ ಅಧ್ಯಾಯ ಬಂತು. ಅಕ್ಕ ತಪ್ಪು ಓದಿದಳು, ನಕ್ಕಳು. "ಅಯ್ಯೋ, ತಡೀರಪ್ಪಾ." ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳಿನ ಸಂದಿಯಿಂದಲೇ "ಇದು. ಇದೇ," ಎಂದರು. ಗೋಡೆಯ ಮೇಲೆ ಏಸಿ ಗುರ್ರೆನ್ನುತ್ತಲೇ ಇತ್ತು, ಅದನ್ನು ಆರಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅದನ್ನೂ ಸ್ಪೀಕರುಗಳನ್ನೂ ಅವರ ಮನೆಗೆ ಸಾಗಿಸಿದೆ. ಅಷ್ಟು ಒಳ್ಳೆಯ ಆಂಪ್ಲಿಫೈಯರ್ ಇಟ್ಟ ಮೇಲೆ ಕೋಣೆಯೂ ಅದಕ್ಕೆ ತಕ್ಕಂತಿರಬೇಕು, ಇದು ನಮ್ಮವರ ನಿಯಮ. ಹಳೆಯ ಆಂಪ್ಲಿಫೈಯರಿನ ಹಿಸ್ಸೆನ್ನುವ ಸದ್ದು ಹೋದ ಕೂಡಲೇ ಕೋಣೆಯ ಉಳಿದ ಸದ್ದುಗಳೆಲ್ಲ ಒಂದೊಂದಾಗಿ ತಲೆ ಎತ್ತಿದವು. ಮೊದಲು ಗೋಡೆ ಗಡಿಯಾರ. ತೆಗೆದು ಮಲಗುವ ಕೋಣೆಗೆ ಹಾಕಿದೆ. ಆಮೇಲೆ ಫ್ರಿಜ್ಜು. ಅದನ್ನು ತಳ್ಳಿಕೊಂಡು ಹೋಗಿ ಹಿಂದಿನ ಹಜಾರದಲ್ಲಿಟ್ಟೆವು. ಫ್ಯಾನಿನ ಕೀಲಿಗೆ ಎಣ್ಣೆ ಬಿಟ್ಟೆ. ಕಿಟಕಿಯ ಗಾಜೊಂದು ಸಡಿಲವಾಗಿತ್ತು, ಅದಕ್ಕೆ ಪುಟ್ಟಿ ಮೆತ್ತಿದೆ. ಅಕ್ಕ ಸ್ಕ್ರೂಡ್ರೈವರು, ಎಣ್ಣೆ, ಏಣಿ ಎಂದು ಕೇಳಿದ್ದೆಲ್ಲ ಎತ್ತಿಕೊಡುತ್ತಾ ನನ್ನ ಬೆನ್ನ ಹಿಂದೆಯೇ ತಿರುಗುತ್ತಿದ್ದಳು. ಆಪರೇಷನ್ ಆದ ಮೇಲೆ ಅವಳನ್ನು ಅಷ್ಟು ಗೆಲುವಾಗಿ ನಾನು ನೋಡಿರಲಿಲ್ಲ. ಏಣಿ ಹತ್ತಿದ ನನ್ನನ್ನು ತೋರಿಸಿ, ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ದುಂಡು ಬರೆದು, ಭುಜ ಕುಲುಕಿಸಿದಳು.

ಪ್ರತಿ ಸಲ ಒಂದು ಸದ್ದು ಕಳೆದ ಮೇಲೆ ಮೀಟರು ಹಿಡಿದು ಕೋಣೆಯ ಮೌನ ಅಳೆಯುತ್ತಿದ್ದೆ. ಅಳೆಯುವಾಗ ಕೋಣೆಯಲ್ಲಿ ಜನ ಇರಬಾರದು, ಬಟ್ಟೆ ಸರಿದರೂ ಮುಳ್ಳು ಅಲ್ಲಾಡುತ್ತದೆ. "ಅಕ್ಕ, ಒಂದ್ನಿಮಿಷ ಆಚೆ ನಿಂತ್ಕೋ," ಎನ್ನುತ್ತಿದ್ದೆ. ಅವಳು ತುದಿಗಾಲಲ್ಲಿ ಹೊರಗೆ ಹೋಗುತ್ತಿದ್ದಳು. ನಾನೂ ಉಸಿರು ಬಿಗಿಹಿಡಿದು ಮುಳ್ಳು ನೋಡುತ್ತಿದ್ದೆ. ಹೀಗೆ ನಾಲ್ಕೈದು ಸಲ ಅವಳನ್ನು ಹೊರಗೆ ಕಳಿಸಿ, ಕೋಣೆ ಸಿದ್ಧವಾಗಿದೆ ಎಂದು ಘೋಷಿಸಿದೆ. ಎಂಥ ಮುಟ್ಠಾಳ ನಾನು! ಎಂಥ ಕಡುಮುಟ್ಠಾಳ!

ಇಬ್ಬರನ್ನೂ ಸೋಫಾದಲ್ಲಿ ಪಕ್ಕಪಕ್ಕ ಕೂರಿಸಿದೆ. "ಇನ್ನೂ ಹತ್ರ ಕೂತ್ಕೊಳ್ಳಿ, ಧ್ವನಿ ಮಧ್ಯಕ್ಕೆ ಬರತ್ತೆ," ಎಂದು ಅಕ್ಕನನ್ನು ಭಾವನ ಕಡೆಗೆ ನೂಕಿದೆ. ಅದು ಮಾತ್ರ ಬೊಗಳೆ. ನಾನು ಹಿಂದೆ ನಿಂತೆ.

ಅಕ್ಕ ಮಾತಾಡಿದಳು. ಎರಡು ಸ್ಪೀಕರುಗಳ ನಡುವೆ, ಬರಿಗಾಳಿಯಲ್ಲಿ, ಒಂದು ಕುರ್ಚಿ ಹಾಕಿಕೊಂಡು ಕೂತು ಓದುತ್ತಿದ್ದಾಳೆ ಎನ್ನುವಷ್ಟು ನಿಚ್ಚಳ. ತುಟಿ ಒದ್ದೆ ಮಾಡಿಕೊಂಡದ್ದು ಕೂಡ ಕೇಳಿತು. ಸೋಫಾದ ಮೇಲಿನ ಅಕ್ಕ ಬೆಚ್ಚಿ ಆ ಕಡೆ ನೋಡಿದಳು. ಭಾವ ಕಣ್ಣು ಮುಚ್ಚಿಯೇ ಕೈ ಚಾಚಿ ಅವಳ ಕೈ ಹಿಡಿದರು. ಎರಡು ವರ್ಷದಲ್ಲಿ, ಕೊಳವೆ ತೊಳೆಯಲಿಕ್ಕಲ್ಲದೆ, ಸುಮ್ಮನೆ ಹಿಡಿದದ್ದು ಅದೇ ಮೊದಲು. ಅಕ್ಕ ತಿರುಗಿ ನನ್ನನ್ನು ನೋಡಿದಳು. ಆ ಮುಖ ನಾನು ಸಾಯುವತನಕ ಮರೆಯುವುದಿಲ್ಲ. ಗೆದ್ದೆವು ಅಂದುಕೊಂಡೆ.

ಭಾವನ ಹುಬ್ಬು ಗಂಟಾಯಿತು. "ಒಂದ್ನಿಮಿಷ," ಎಂದು ಓದನ್ನು ನಿಲ್ಲಿಸಿದರು. "ಎಲ್ಲೋ ಗಾಳಿ ಬರ್ತಿದೆ ನೋಡೋ. ಸುಯ್ ಅಂತ. ನಿಂತು ನಿಂತು ಬರ್ತಿದೆ. ಕಿಟಕಿಯದಾ?"

ನಾನು ಕಿಟಕಿಯ ಹತ್ತಿರ ಹೋದೆ. ಕಿಟಕಿಯದಲ್ಲ. ಬಗ್ಗಿ ಆಂಪ್ಲಿಫೈಯರಿನ ಹತ್ತಿರ ಕಿವಿಯಿಟ್ಟೆ. ಅದರದೂ ಅಲ್ಲ. ಏಳುವಾಗ ಅಕ್ಕನ ಕಡೆ ನೋಡಿದೆ. ಅವಳಿಗೆ ಆಗಲೇ ಗೊತ್ತಾಗಿತ್ತು. ಬಣ್ಣ ಹೋದ ಮುಖದಲ್ಲಿ, ಬಿಟ್ಟ ಕಣ್ಣು ಬಿಟ್ಟಂತೆ ಕೂತು, ಕತ್ತಿನ ಬಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಸುಯ್ ಸದ್ದು ನಿಂತಿತ್ತು.

"ಹಾಂ! ಹೋಯ್ತು!" ಎಂದು ಭಾವ ಖುಷಿಯಿಂದ ಕೂಗಿದರು. "ಏನು ಮಾಡಿದೆ? ಅಲ್ಲೇ ಇರು, ಮುಟ್ಟಬೇಡ ಏನನ್ನೂ." ಓದು ಮತ್ತೆ ಶುರುವಾಯಿತು. ರಾಣಿ ಹುಳ ಗೂಡು ಬಿಟ್ಟು ಹಾರುವ ಭಾಗ. ನಾನು ಅಕ್ಕನ ಕೈಯನ್ನೇ ನೋಡುತ್ತಿದ್ದೆ. ಅವಳ ಎದೆ ಏರಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಇನ್ನು ತಡೆಯಲಾಗದೆ ಕೈ ತೆಗೆದಳು. ಗೊರ್ರೆಂದು ಗಾಳಿ ನುಗ್ಗಿತು, ಕೆಮ್ಮು ಬಂತು, ಕೆಮ್ಮಿನ ಮೇಲೆ ಕೆಮ್ಮು.

ಭಾವ ಕಣ್ಣು ತೆರೆದರು. ತಿರುಗಿ ಅವಳ ಕತ್ತು ನೋಡಿದರು. "ಅಯ್ಯೋ," ಎಂದರು, "ನೀನಾ?"

ಆಮೇಲೆ ಗಾಬರಿಯಾಗಿ, "ಪರವಾಗಿಲ್ಲ, ಪರವಾಗಿಲ್ಲ. ಕೂತ್ಕೋ. ನೀರು ಬೇಕಾ?" ಎಂದರು. ಅವಳ ಬೆನ್ನು ಸವರಿದರು. ಸವರುತ್ತಾ ಸವರುತ್ತಾ ಇನ್ನೊಂದು ಕೈಯಿಂದ ಓದನ್ನು ಹಿಂದಕ್ಕೆ, ಕೆಮ್ಮು ಶುರುವಾಗುವ ಮುಂಚಿನ ಸಾಲಿಗೆ ಒಯ್ದರು. ಅವರಿಗೇ ಗೊತ್ತಾಗಲಿಲ್ಲ ಅದು. ಅಕ್ಕ ನೋಡಿದಳು. ಎದ್ದಳು. "ಹೋಗ್ಬೇಡ," ಎಂದು ಭಾವ ಹೇಳಿದರು, ಸ್ಪೀಕರನ್ನು ನೋಡುತ್ತಾ. ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಪಿತ್ತ ನೆತ್ತಿಗೇರಿತು. ಹೋಗಿ ಅದನ್ನು ಆರಿಸಿದೆ. "ನಾಚಿಕೆ ಆಗಲ್ವಾ ಭಾವ ನಿಮಗೆ? ಉಸಿರಾಡ್ತಿದ್ದಾಳೆ ಅವಳು. ಉಸಿರಾಡಲಿ ಅಂತಾನೇ ಅಲ್ವಾ ಆವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ನೀವು? ಅದೇ ಉಸಿರು ಈಗ ನಿಮಗೆ ಅಡ್ಡಿ ಆಯ್ತಾ?"

ಭಾವ ತಲೆ ಎತ್ತಲಿಲ್ಲ. "ನನಗೆ ಗೊತ್ತು ಕಣೋ," ಎಂದರು. "ಎಲ್ಲಾ ಗೊತ್ತು. ಆದ್ರೆ ಅದು ಅವಳೇ. ಎರಡು ವರ್ಷ ಆದ್ಮೇಲೆ ಸಿಕ್ಕಿದ್ದಾಳೆ. ನೀನೇ ತಂದುಕೊಟ್ಟೆ." ಅವರು ಬಿಕ್ಕಿ ಅಳತೊಡಗಿದರು. ಆ ಮನುಷ್ಯನಿಗೆ ಹೊಡೆಯಬೇಕೆಂದು ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಜೇಬಿಗೆ ತುರುಕಿಕೊಂಡೆ.

ಹದಿನೈದು ದಿನ ಆ ಮನೆಯ ಕಡೆ ತಲೆ ಹಾಕಲಿಲ್ಲ. ಹದಿನಾರನೆಯ ದಿನ ಅಕ್ಕನಿಂದ ಫೋನಿನಲ್ಲಿ ಸಂದೇಶ ಬಂತು. ಸ್ಟುಡಿಯೋ ಬಾಗಿಲಿನ ಅಂಚಿಗೆ ಅಂಟಿಸುತ್ತಾರಲ್ಲ, ಸದ್ದು ಸೋರದ ಹಾಗೆ ರಬ್ಬರ್ ಪಟ್ಟಿ, ಅದನ್ನು ತೆಗೆದುಕೊಂಡು ಬಾ ಎಂದು.

ಹೋದೆ. ಭಾವ ಸೋಫಾದಲ್ಲಿದ್ದರು, ಓದು ನಡೆಯುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ಕಿಟಕಿಯ ಕೆಳಗೆ ತನ್ನ ಕುರ್ಚಿ, ದೀಪ, ಪುಸ್ತಕ, ಹೊದಿಕೆ ಎಲ್ಲ ಜೋಡಿಸಿಕೊಂಡಿದ್ದಳು. ಬಾಗಿಲು ತೋರಿಸಿ ಬರೆದಳು. "ಕೆಮ್ಮು ಬಂದಾಗ ಆಚೆ ಕೇಳಿಸತ್ತೆ. ಅವರು ಏನೂ ಅನ್ನಲ್ಲ, ಆದ್ರೆ ಹಿಂದಕ್ಕೆ ಹೋಗಿ ಮತ್ತೆ ಕೇಳ್ತಾರೆ. ನನಗೆ ಗೊತ್ತಾಗತ್ತೆ."

"ನಾನು ಇವತ್ತೇ ಆ ಪೆಟ್ಟಿಗೇನ ವಾಪಸ್ ತಗೊಂಡು ಹೋಗ್ತೀನಿ," ಎಂದೆ. "ನನ್ನದೇ ತಪ್ಪು. ಹಳೇದನ್ನೇ ತಂದು ಹಾಕ್ತೀನಿ, ಹಿಸ್ಸೋ ಪಸ್ಸೋ ಅಂತ ಬಡ್ಕೊಳ್ಳಲಿ. ನೀನು ಅಲ್ಲೇ ಕೂತ್ಕೋಬಹುದು."

ಅವಳು ತಲೆಯಾಡಿಸಿ ಪೆನ್ನು ಎತ್ತಿಕೊಂಡಳು. ಆಮೇಲೆ ಬರೆದು ನನ್ನ ಕಡೆ ತಿರುಗಿಸಿದಳು. "ಬೇಡ. ತಗೊಂಡು ಹೋದ್ರೆ ಅವರ ಪಾಲಿಗೆ ನಾನು ಇನ್ನೊಂದ್ಸಲ ಸತ್ತ ಹಾಗೆ. ಪಟ್ಟಿ ಅಂಟಿಸು ಪುಟ್ಟ."

ಅಂಟಿಸಿದೆ. ಕೆಲಸ ಗೊತ್ತಿದ್ದವನು, ಕೈ ತಾನಾಗಿ ಮಾಡುತ್ತದೆ. ಚೌಕಟ್ಟು ಒರೆಸಿ, ಅಳತೆ ತೆಗೆದು, ಮೂರು ಕಡೆ ಪಟ್ಟಿ ಒತ್ತಿ, ಕೆಳಗೆ ನೆಲಕ್ಕೆ ತಾಗುವ ಹಾಗೆ ಒಂದು ಬ್ರಷ್ಷು ಕೂರಿಸಿದೆ. ಅಕ್ಕ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಹಾಕು ಎಂದು ಕೈಸನ್ನೆ ಮಾಡಿದಳು. ಬಾಗಿಲು ಎಳೆದುಕೊಂಡೆ. ಮೆತ್ತಗೆ ಕೂತುಕೊಂಡಿತು.

ಭಾವ ಓದನ್ನು ನಿಲ್ಲಿಸಿ ಎದ್ದರು. ಕೋಣೆಯಲ್ಲಿ ನಾವಿಬ್ಬರೂ ಅಲುಗಾಡದೆ ನಿಂತೆವು. ಬಾಗಿಲಿನಾಚೆ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಒಡಹುಟ್ಟಿದ ಅಕ್ಕ ಕೂತು ಉಸಿರಾಡುತ್ತಿದ್ದಳು. ನಾನು ಕಿವಿಗೊಟ್ಟು ಕೇಳಿದೆ. ಇಪ್ಪತ್ತೆಂಟು ವರ್ಷ ಪಳಗಿದ ಕಿವಿ ನನ್ನದು.

"ನಿನಗೇನಾದ್ರೂ ಕೇಳಿಸ್ತಿದ್ಯಾ?" ಎಂದು ಭಾವ ಪಿಸುಗುಟ್ಟಿದರು.

"ಇಲ್ಲ ಭಾವ," ಎಂದೆ. "ಏನೂ ಕೇಳಿಸ್ತಿಲ್ಲ."